ಭಾವನ ಬೆಟ್ಟ



ಚಾಮರಾಜನಗರ ಜಿಲ್ಲೆಯ ಬಿಳಿಗಿರಿರಂಗನ ಬೆಟ್ಟಕ್ಕೆ ನಿಮ್ಮಲ್ಲಿ ಎಷ್ಟೋ ಜನ ಬಂದು ಹೋಗಿರುತ್ತೀರಿ. ಮೆಟ್ಟಿಲು ಹತ್ತಿ, ದರ್ಶನ ಮಾಡಿ, ಬಂಡೆಯ ಅಂಚಿನಲ್ಲಿ ನಿಂತು ಕೆಳಗಿನ ಕಾಡು ನೋಡಿ ‘ಆಹಾ’ ಅಂದಿರುತ್ತೀರಿ. ನಿಮಗೆ ಅಲ್ಲಿರುವವನು ರಂಗನಾಥಸ್ವಾಮಿ. ಸೋಲಿಗರಾದ ನಮಗೆ ಅವನು ಮೊದಲು ಭಾವ, ಆಮೇಲೆ ದೇವರು. ನಮ್ಮ ಹುಡುಗಿ ಕುಸುಮಾಲೆಯನ್ನು ಮೆಚ್ಚಿ, ಅವಳ ಹಿಂದೆ ಬಿದ್ದು, ಮದುವೆಯಾಗಿ ನಮ್ಮ ನಂಟಸ್ತಿಕೆಗೆ ಬಂದವನು. ಭಕ್ತರು ಅವನಿಗೆ ಒಂದೂಮುಕ್ಕಾಲು ಅಡಿ ಉದ್ದದ ಚರ್ಮದ ಜೋಡು ಹೊಲಿಸಿ ಒಪ್ಪಿಸುತ್ತಾರೆ. ರಾತ್ರಿ ಹೊತ್ತು ಅದನ್ನು ಮೆಟ್ಟಿಕೊಂಡು ಕಾಡು ಸುತ್ತುತ್ತಾನೆ, ಅದಕ್ಕೇ ಜೋಡು ಸವೆಯುತ್ತದೆ ಎಂದು ನಂಬಿಕೆ. ನಮ್ಮ ಹೆಂಗಸರು ಇದಕ್ಕೂ ಒಂದು ಮಾತು ಸೇರಿಸುತ್ತಾರೆ: ‘ಭಾವಯ್ಯ ರಾತ್ರಿಯೆಲ್ಲ ಎಲ್ಲೆಲ್ಲಿ ತಿರುಗ್ತಾನೋ, ಅಕ್ಕನೇ ಕೇಳ್ಬೇಕು!’ ದೇವರ ಮೇಲೆ ಹೀಗೆ ನಗಬಹುದೇ ಎಂದು ಹುಬ್ಬೇರಿಸಬೇಡಿ. ಭಾವನನ್ನು ಛೇಡಿಸದೆ ಇನ್ಯಾರನ್ನು ಛೇಡಿಸುವುದು?

ಈ ನಂಟಿನ ವಿಚಾರವನ್ನೇ ಇವತ್ತು ನಿಮ್ಮ ಮುಂದೆ ಇಡಬೇಕು ಅಂತ ಬಂದಿದ್ದೇನೆ. ಆದಿವಾಸಿಗಳು ಅಂದ ಕೂಡಲೇ ‘ಪ್ರಕೃತಿಯ ಮಕ್ಕಳು’ ಎಂದು ಭಾಷಣಗಳಲ್ಲಿ ಹೇಳುತ್ತಾರೆ. ಕೇಳಲು ಚೆಂದ. ಆದರೆ ಮಕ್ಕಳು ಎಂದರೆ ಆಡಿಕೊಂಡು, ಸಿಕ್ಕಿದ್ದು ತಿಂದುಕೊಂಡು ಇರುವವರು. ಅವರಿಗೆ ಜವಾಬ್ದಾರಿ ಇಲ್ಲ. ನಾನು ಕಂಡ ನಮ್ಮ ಹಿರಿಯರು ಹಾಗಿರಲಿಲ್ಲ. ಅವರು ಕಾಡಿನ ಜೊತೆ ನಂಟರ ಹಾಗೆ ಇದ್ದರು. ನಂಟರು ಅಂದಮೇಲೆ ಹೋಗಬೇಕು, ಬರಬೇಕು, ಕೊಡಬೇಕು, ತರಬೇಕು, ಮುನಿಸಿಕೊಂಡರೆ ಸಮಾಧಾನ ಮಾಡಬೇಕು. ಅಷ್ಟು ಕೆಲಸ ಇದೆ ಅದರಲ್ಲಿ.

ನಾನು ಹುಟ್ಟಿದ್ದು ಕಾಡಿನ ನಡುವಿನ ಒಂದು ಪೋಡಿನಲ್ಲಿ. ನಮ್ಮ ಹಟ್ಟಿಗಳಿಗೆ ಪೋಡು ಅನ್ನುತ್ತೇವೆ. ಈಗ ಆಶ್ರಮ ಶಾಲೆಯೊಂದರಲ್ಲಿ ಚಿಕ್ಕ ಮಕ್ಕಳಿಗೆ ಪಾಠ ಹೇಳುತ್ತೇನೆ. ನನ್ನ ಅಪ್ಪನ ಕಾಲಕ್ಕೆ ಪೋಡು ಒಂದೇ ಕಡೆ ನಿಂತಿತ್ತು. ಅಜ್ಜನ ಕಾಲದಲ್ಲಿ ಹಾಗಲ್ಲ. ಒಂದು ತುಂಡು ಜಾಗ ಸವರಿ, ಸುಟ್ಟು, ರಾಗಿ, ಅವರೆ, ಸಾಸಿವೆ, ಜೋಳ, ಕುಂಬಳ ಎಲ್ಲ ಕಲೆಸಿ ಬಿತ್ತಿ, ಕೆಲವು ವರ್ಷಕ್ಕೆ ಅದನ್ನು ಕಾಡಿಗೆ ಬಿಟ್ಟು ಇನ್ನೊಂದು ಕಡೆ ಹೋಗುತ್ತಿದ್ದರು. ಹಳೆಯ ಪೋಡಿನ ಜಾಗಗಳನ್ನು ನಮ್ಮ ಮುದುಕರು ಇಂದಿಗೂ ತೋರಿಸುತ್ತಾರೆ. ನಿಮಗೆ ಅಲ್ಲಿ ಬರೀ ಗಿಡ ಮರ ಕಾಣುತ್ತದೆ. ಅವರಿಗೆ ಒರಳು ಕಲ್ಲು ಎಲ್ಲಿತ್ತು, ಯಾರ ಗುಡ್ಲು ಯಾವ ಕಡೆ ಮುಖ ಮಾಡಿತ್ತು ಎನ್ನುವುದೂ ಗೊತ್ತು.

ನಮ್ಮಲ್ಲಿ ಕುಲಗಳಿವೆ. ಒಂದೇ ಕುಲದ ಗಂಡು ಹೆಣ್ಣು ಅಣ್ಣ ತಂಗಿ ಲೆಕ್ಕ, ಮದುವೆ ಕೂಡದು. ಒಂದೊಂದು ಕುಲಕ್ಕೂ ಕಾಡಿನಲ್ಲಿ ಒಂದು ಎಲ್ಲೆ ಇದೆ. ಎಲ್ಲೆಯೊಳಗೆ ದೇವರು, ಮಾರಮ್ಮ, ವೀರು, ಕಲ್ಲುಗುಡಿ, ಅಬ್ಬಿ ಎಂದು ಐದು ಠಾವುಗಳು. ಇವಕ್ಕೆ ಗೋಪುರ, ಗರ್ಭಗುಡಿ ಏನೂ ಇಲ್ಲ. ಒಂದು ಮರದ ಬುಡ, ನಾಲ್ಕು ಕಲ್ಲು, ನೀರು ಬೀಳುವ ಒಂದು ಜಾಗ, ಅಷ್ಟೇ. ಕಾಡಿನ ನಡುವೆ ಭಾರ್ಗವಿ ಹೊಳೆಯ ದಡದಲ್ಲಿ ದೊಡ್ಡಸಂಪಿಗೆ ಎಂಬ ಮರ ಇದೆ. ಹತ್ತಾರು ಜನ ಕೈ ಹಿಡಿದುಕೊಂಡು ನಿಂತರೂ ಸುತ್ತು ಬರುವುದು ಕಷ್ಟ. ಅದರ ಬುಡದಲ್ಲಿ ಸಾಲಾಗಿ ಲಿಂಗದ ಕಲ್ಲುಗಳಿವೆ. ದೊಡ್ಡಸಂಪಿಗೆ ಇದ್ದಮೇಲೆ ಚಿಕ್ಕಸಂಪಿಗೆಯೂ ಇರಬೇಕಲ್ಲ, ಅದೂ ಇದೆ. ಇಂಥ ಠಾವುಗಳನ್ನು ಕೆಲವು ವರ್ಷಗಳ ಹಿಂದೆ ನಮ್ಮವರೇ ಸಂಶೋಧಕರ ಜೊತೆ ಕಾಡೆಲ್ಲ ನಡೆದು ನಕ್ಷೆಯಲ್ಲಿ ಗುರುತು ಹಾಕಿದರು. ನಮ್ಮ ಸಮುದಾಯದಿಂದಲೇ ಬಂದು ಡಾಕ್ಟರೇಟ್ ಮಾಡಿದ ಸಿ. ಮಾದೇಗೌಡರು ಆ ಕೆಲಸದಲ್ಲಿ ಮುಂದೆ ಇದ್ದರು. ನಾನೂರಕ್ಕೂ ಹೆಚ್ಚು ಠಾವುಗಳು ಸಿಕ್ಕವು. ಹೊರಗಿನವರಿಗೆ ಅದು ಸುದ್ದಿ. ಮನೆಯಲ್ಲಿ ಅಜ್ಜಿ ಕೇಳಿದ್ದು ಮಾತ್ರ, ‘ಇಷ್ಟೇನಾ?’

ಅಜ್ಜಿಯ ಮಾತು ಬಂತು, ಅವಳ ಜೊತೆ ಗೆಣಸು ಅಗೆಯಲು ಹೋದದ್ದನ್ನು ಹೇಳಿಬಿಡುತ್ತೇನೆ. ಕಾಡುಗೆಣಸು ಹೊರಗಿನಿಂದ ಕಾಣುವುದಿಲ್ಲ. ಮರಕ್ಕೆ ಸುತ್ತಿಕೊಂಡ ಬಳ್ಳಿ ಒಣಗಿದ ಮೇಲೆ, ಆ ಬಳ್ಳಿಯ ಜಾಡು ಹಿಡಿದು ಬುಡ ಹುಡುಕಬೇಕು. ಅಜ್ಜಿ ಬಳ್ಳಿಯನ್ನು ಎರಡು ಬೆರಳಲ್ಲಿ ಹಿಡಿದು, ಕಣ್ಣು ಸಣ್ಣ ಮಾಡಿ, ಎಲೆಗಳ ಅಡಿಯಲ್ಲಿ ಅದು ಎಲ್ಲಿ ನೆಲ ಸೇರಿದೆ ಎಂದು ನೋಡಿಕೊಂಡು ಹೋಗುತ್ತಿದ್ದಳು. ಎಳೆದರೆ ಕಿತ್ತುಬರುತ್ತದೆ, ಆಮೇಲೆ ಜಾಡೇ ಸಿಗುವುದಿಲ್ಲ. ಬುಡ ಸಿಕ್ಕಿದ ಮೇಲೆ ಚೂಪು ಮಾಡಿದ ಕೋಲಿನಿಂದ ಮಣ್ಣು ಬಿಡಿಸುವುದು. ಗೆಣಸು ನೇರ ಕೆಳಗಿಳಿದಿರುತ್ತದೆ. ಒಮ್ಮೊಮ್ಮೆ ಸೊಂಟದುದ್ದ ಗುಂಡಿ. ಅಜ್ಜಿ ತಲೆಕೆಳಗಾಗಿ ಗುಂಡಿಗೆ ಬಗ್ಗಿದರೆ ಹೊರಗೆ ಅವಳ ಸೀರೆಯ ನೆರಿಗೆ ಮಾತ್ರ ಕಾಣುತ್ತಿತ್ತು. ನಾನು ಹತ್ತಿರ ಕೂತು ಇಣುಕಿದರೆ ಒಳಗಿನಿಂದಲೇ ಗದರುವಳು: ‘ಕೂಸೇ, ಆನೆ ಬಂದದಾ ನೋಡ್ಕ, ಇಲ್ಲೇನ್ ನೋಡೀಯೆ!’ ಗೆಣಸನ್ನು ಮುರಿದು ತೆಗೆದ ಮೇಲೆ ಬಳ್ಳಿಗೆ ಅಂಟಿದ ತಲೆಯ ಭಾಗವನ್ನು ಗುಂಡಿಗೆ ವಾಪಸ್ಸು ಇಟ್ಟು, ಮಣ್ಣು ಎಳೆದು, ಅಂಗೈಯಿಂದ ತಟ್ಟಿ ಏಳುತ್ತಿದ್ದಳು. ಮುಂದಿನ ವರ್ಷ ಅಲ್ಲೇ ಮತ್ತೆ ಗೆಣಸು. ನನಗೆ ಅವಸರ. ನಾನು ಮಣ್ಣು ಕಾಲಲ್ಲಿ ದೂಡಿ ಹೊರಟರೆ ಹಿಂದಕ್ಕೆ ಕರೆದು ಕೈಯಲ್ಲೇ ಮುಚ್ಚಿಸುತ್ತಿದ್ದಳು. ಯಾಕೆ ಅಂತ ವಿವರಿಸಿದ ನೆನಪಿಲ್ಲ. ನಮ್ಮಲ್ಲಿ ವಿವರಣೆ ಕಡಮೆ, ಗದರುವುದು ಜಾಸ್ತಿ.

ಅಪ್ಪ ಜೇನಿನವನು. ಹೆಜ್ಜೇನು ದೊಡ್ಡ ಮರಗಳ ತುದಿಯಲ್ಲಿ ಕಟ್ಟುತ್ತದೆ; ಅದನ್ನು ಇಳಿಸುವುದು ಕತ್ತಲ ರಾತ್ರಿ. ತುಡುವೆ ಜೇನು ಪೊಟರೆಯಲ್ಲಿ, ಕಡ್ಡಿಜೇನು ಪೊದೆಯಲ್ಲಿ. ಮರ ಹತ್ತುವ ಮೊದಲು ದೇವರಿಗೆ ಒಂದು ಮಾತು, ಹತ್ತುವಾಗ ಜೇನಿಗೆ ಹಾಡು. ಹಾಡಿದರೆ ಜೇನು ಕಚ್ಚುವುದಿಲ್ಲವೇ ಎಂದು ನನ್ನ ಶಾಲೆಯ ಮಕ್ಕಳು ಕೇಳುತ್ತಾರೆ. ಕಚ್ಚುತ್ತದೆ. ಅಪ್ಪನ ಮುಖ ಊದಿಕೊಂಡು ಕಣ್ಣು ಮುಚ್ಚಿಹೋಗಿದ್ದನ್ನು ನಾನೇ ನೋಡಿದ್ದೇನೆ. ಆದರೂ ಹಾಡದೆ ಹತ್ತಿದವನಲ್ಲ. ಎರಿಯಲ್ಲಿ ಮರಿ ಇರುವ ಭಾಗ ಬಿಟ್ಟು ತುಪ್ಪದ ಭಾಗ ಕೊಯ್ಯಬೇಕು. ಇಳಿದ ಮೇಲೆ ಒಂದಿಷ್ಟು ಎರಿಯನ್ನು ಮರದ ಬುಡದಲ್ಲೇ ಬಿಡಬೇಕು. ಅದು ಹುಲಿಯ ಪಾಲು. ಹುಲಿಗೆ ರೆಕ್ಕೆಯಿಲ್ಲ, ಇಷ್ಟು ದೊಡ್ಡ ಮರ ಹತ್ತಲೂ ಬರುವುದಿಲ್ಲ, ಪಾಪ, ಅದಕ್ಕೆ ಯಾರು ಜೇನು ಇಳಿಸಿಕೊಡುತ್ತಾರೆ? ಹುಲಿ ಜೇನು ತಿನ್ನುತ್ತದೆಯೋ ಇಲ್ಲವೋ ಎಂದು ಪ್ರಾಣಿಶಾಸ್ತ್ರ ಓದಿದವರು ಚರ್ಚೆ ಮಾಡಲಿ. ಕರಡಿಯಂತೂ ತಿಂದುಹೋಗುತ್ತಿತ್ತು. ಹುಲಿವೀರಪ್ಪ ಎಂದು ಹುಲಿಗೆ ಪೂಜೆ ಮಾಡುವ ಜನ ನಾವು; ಪೂಜೆ ಮಾಡಿದಮೇಲೆ ಪಾಲು ಕೊಡದಿದ್ದರೆ ಹೇಗೆ?

ಈಗ ಕಾನೂನಿನ ಕಡೆ ಬರಬೇಕು. ಬೇಗ ಹೇಳಿ ಮುಗಿಸುತ್ತೇನೆ, ಏಕೆಂದರೆ ಇದನ್ನು ಹೇಳಲು ಬೇರೆಯವರಿದ್ದಾರೆ. 1974ರಲ್ಲಿ ನಮ್ಮ ಕಾಡು ವನ್ಯಜೀವಿಧಾಮವಾಯಿತು. 1987ರಲ್ಲಿ ಅದನ್ನು ಸುಮಾರು 540 ಚದರ ಕಿಲೋಮೀಟರಿಗೆ ಹಿಗ್ಗಿಸಿದರು. ಅಲೆದು ಬೇಸಾಯ ಮಾಡುವುದು ನಿಂತಿತು. ಬೇಟೆ ನಿಂತಿತು, ಅದು ನಿಂತದ್ದಕ್ಕೆ ನನಗೆ ಬೇಸರವಿಲ್ಲ. ಜೇನು, ನೆಲ್ಲಿಕಾಯಿ, ಪಾಚಿ ತಂದು ಆದಿವಾಸಿಗಳ ಸಹಕಾರ ಸಂಘ, ನಮ್ಮ ಬಾಯಲ್ಲಿ ಲ್ಯಾಂಪ್ಸ್, ಅದಕ್ಕೆ ಹಾಕುತ್ತಿದ್ದೆವು. ವನ್ಯಜೀವಿ ಕಾಯ್ದೆಯ ತಿದ್ದುಪಡಿಯ ಕಾರಣದಿಂದ 2000ದ ದಶಕದ ನಡುವೆ ಅದೂ ನಿಂತುಹೋಯಿತು. ಅಪ್ಪ ಆಗ ಕೂಲಿಗೆ ಕಾಫಿ ತೋಟಕ್ಕೆ ಹೋದ. ಗೇಟಿನ ಪಕ್ಕ ನಿಂತು ಹಾಜರಿ ಹಾಕಿಸಿಕೊಳ್ಳುವುದು ಅವನಿಗೆ ಕೊನೆಯವರೆಗೂ ಒಗ್ಗಲಿಲ್ಲ. ಕಾಡುಗಳ್ಳ ವೀರಪ್ಪನ್ ಕಾಲದಲ್ಲಿ ಕಾಡಿನ ಜನ ಅವನಿಂದಲೂ ಪೊಲೀಸರಿಂದಲೂ ಪಟ್ಟ ಪಾಡು ಬೇರೆಯೇ ಕತೆ, ಅದಕ್ಕೆ ಇಂಥದೇ ಇನ್ನೊಂದು ಹೊತ್ತು ಬೇಕು. 2011ರಲ್ಲಿ ಹುಲಿ ಸಂರಕ್ಷಿತ ಪ್ರದೇಶ ಎಂಬ ಘೋಷಣೆ ಬಂತು. ಹುಲಿ ಬೇಕಾದರೆ ನೀವು ಎದ್ದು ಹೋಗಬೇಕು ಎಂಬ ಮಾತು ಅಲ್ಲಲ್ಲಿ ಕೇಳತೊಡಗಿತು. ಪಾಲು ಇಟ್ಟವರ ಮನೆಗೆ ಇಂಥ ಮಾತು ಬಂದರೆ ಹೇಗಿರುತ್ತದೆ, ನೀವೇ ಊಹಿಸಿ.

ಅದೇ ವರ್ಷ ಇನ್ನೊಂದೂ ಆಯಿತು. 2006ರ ಅರಣ್ಯ ಹಕ್ಕು ಕಾಯ್ದೆಯ ಕೆಳಗೆ ನಮ್ಮ ಗ್ರಾಮಸಭೆಗಳು ಅರ್ಜಿ ಹಾಕಿದ್ದವು. 2011ರ ಗಾಂಧಿ ಜಯಂತಿಯ ದಿನ 25 ಗ್ರಾಮಸಭೆಗಳಿಗೆ ಸಮುದಾಯ ಹಕ್ಕುಪತ್ರ ಸಿಕ್ಕಿತು. ಕಿರು ಅರಣ್ಯ ಉತ್ಪನ್ನ ಸಂಗ್ರಹಿಸುವ ಹಕ್ಕು, ಎಲ್ಲೆಯ ದೇವರುಗಳಿಗೆ ಹೋಗಿ ಬರುವ ಹಕ್ಕು. ಹುಲಿ ಸಂರಕ್ಷಿತ ಪ್ರದೇಶದೊಳಗೆ ಹೀಗೆ ಹಕ್ಕು ಸಿಕ್ಕಿದ್ದು ಬಹಳ ದೊಡ್ಡದು. ಪತ್ರವನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ದೇವರ ಪಟದ ಹಿಂದೆ ಇಟ್ಟವರನ್ನು ಬಲ್ಲೆ. ಸಂತೋಷವೇ. ಆದರೆ ಆ ಸಂತೋಷದ ನಡುವೆ ನನ್ನ ತಲೆ ಕೊರೆದದ್ದು ಬೇರೆ: ನಮ್ಮ ದೇವರ ಮನೆಗೆ ಹೋಗುವ ಹಕ್ಕು ಸಿಕ್ಕಿತು, ಸರಿ. ಹೋಗುವ ದಾರಿ ಎಲ್ಲಿದೆ?

ದಾರಿ ಲಂಟಾನದ ಒಳಗಿದೆ. ಆ ಬಣ್ಣಬಣ್ಣದ ಹೂವಿನ ಪೊದೆ ನಿಮಗೂ ಗೊತ್ತಿರುತ್ತದೆ. ಹೊರದೇಶದಿಂದ ಅಂದಕ್ಕೆಂದು ತಂದ ಗಿಡ ಅದು. ಮನುಷ್ಯ ನುಸುಳಲು ಆಗದ ಹಾಗೆ ಹೆಣೆದುಕೊಳ್ಳುತ್ತದೆ, ಒಳಗೆ ಹುಲ್ಲು ಹುಟ್ಟುವುದಿಲ್ಲ. ನಮ್ಮ ಬೆಟ್ಟದಲ್ಲಿ ಸಂಶೋಧಕರು ಗುರುತಿಟ್ಟುಕೊಂಡ ತಾಣಗಳಲ್ಲಿ 1997ರಲ್ಲಿ ನೂರಕ್ಕೆ 41ರಲ್ಲಿ ಲಂಟಾನ ಇತ್ತು. 2008ಕ್ಕೆ ನೂರಕ್ಕೆ 81ರಲ್ಲಿ. ನಮ್ಮ ಹಿರಿಯರನ್ನು ಕೇಳಿದರೆ ಕಾರಣ ತಟ್ಟನೆ ಹೇಳುತ್ತಾರೆ: ತರಗು ಬೆಂಕಿ ನಿಂತಿತು.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಕಾಡಿಗೆ ಬೆಂಕಿ ಎಂದರೆ ಪೇಟೆಯವರಿಗೆ ಎದೆ ಝಲ್ ಎನ್ನುತ್ತದೆ. ಜನವರಿ, ಫೆಬ್ರವರಿಯ ಹೊತ್ತಿಗೆ ಎಲೆ ಉದುರಿರುತ್ತದೆ, ಬೆಳಗಿನ ಇಬ್ಬನಿಯ ತೇವ ನೆಲದಲ್ಲಿ ಇನ್ನೂ ಇರುತ್ತದೆ. ಆಗ ಹಚ್ಚುವ ಬೆಂಕಿ ಮೇಲೇಳುವುದಿಲ್ಲ. ಮೊಣಕಾಲೆತ್ತರದಲ್ಲಿ, ತರಗನ್ನು ಮಾತ್ರ ತಿಂದುಕೊಂಡು ನಿಧಾನ ಹರಿದು, ತೇವ ಕಂಡಲ್ಲಿ ಆರಿಹೋಗುತ್ತದೆ. ದೊಡ್ಡ ಮರಕ್ಕೆ ಏನೂ ಆಗುವುದಿಲ್ಲ. ಲಂಟಾನದ ಎಳೆ ಸಸಿ ಸಾಯುತ್ತದೆ. ಮಳೆ ಬಿದ್ದ ಮೇಲೆ ಹುಲ್ಲು ಹಸಿರಾಗಿ ಬರುತ್ತದೆ, ಕಡವೆ, ಕಾಟಿ ಮೇಯುತ್ತವೆ. ನೆಲ್ಲಿ ಮರದ ಮೇಲೆ ಉಪ್ಪಿಲು ಎಂಬ ಬಂದಳಿಕೆ ಹತ್ತಿಕೊಂಡು ಮರದ ರಸ ಹೀರಿ ಒಣಗಿಸುತ್ತದೆ. ಆ ಬೆಂಕಿಯ ಬಿಸಿಗೆ ಅದೂ ಹತೋಟಿಯಲ್ಲಿರುತ್ತಿತ್ತು ಎನ್ನುತ್ತಾರೆ. ಕಾಯಿ ಕೊಯ್ಯಲು ಹೋದವರು ಉಪ್ಪಿಲನ್ನು ಕತ್ತರಿಸಿ ಬರುತ್ತಿದ್ದರು. ಬೆಂಕಿ ನಿಷೇಧವಾಯಿತು, ಆಮೇಲೆ ಕಾಯಿ ಕೊಯ್ಯುವುದೂ ನಿಂತಿತು, ಮರವನ್ನು ಹೋಗಿ ನೋಡುವವರೇ ಇಲ್ಲವಾದರು. ತರಗು ವರ್ಷ ವರ್ಷ ಪೇರಿಕೊಂಡಿತು, ಲಂಟಾನ ಸೌದೆಯ ಹಾಗೆ ಒಣಗಿ ನಿಂತಿತು. ಈಗ ಏಪ್ರಿಲ್ ಬಿಸಿಲಿನಲ್ಲಿ ಎಲ್ಲೋ ಕಿಡಿ ಬಿದ್ದರೆ ಆ ಬೆಂಕಿ ಮರದ ತುದಿ ಮುಟ್ಟುತ್ತದೆ. ಲಂಟಾನಕ್ಕೆ ಬೇರೆ ಕಾರಣಗಳೂ ಇದ್ದಾವು. ಆದರೆ ನಮ್ಮ ಅಜ್ಜಂದಿರ ಮಾತನ್ನು ಬರೆದುಕೊಂಡು ಹೋದವರು ಬಹಳ, ಒಂದು ಎಲ್ಲೆಯಲ್ಲಾದರೂ ಅದರಂತೆ ಮಾಡಿ ನೋಡೋಣ ಎಂದವರು ಕಡಮೆ. ನನ್ನ ದೂರು ಇಷ್ಟೇ.

ಮಲೆಮಹದೇಶ್ವರ ಬೆಟ್ಟದ ಕಡೆಯ ನಮ್ಮವರು ಲಂಟಾನದ ಕಡ್ಡಿ ಬೇಯಿಸಿ, ಸಿಪ್ಪೆ ತೆಗೆದು ಕುರ್ಚಿ ಮೇಜು ಮಾಡುವುದನ್ನು ಕಲಿತಿದ್ದಾರೆ. ಒಳ್ಳೆಯದೇ. ಕಾಡು ತುಂಬಿದ್ದನ್ನು ಕುರ್ಚಿ ಮಾಡಿ ಮುಗಿಸಲು ಎಷ್ಟು ಜನ ಕೂರಬೇಕೋ!

ಸಂಶೋಧಕರ ಮಾತು ಆಗಲೇ ಬಂದಿತ್ತಲ್ಲ, ಅವರದೊಂದು ತಮಾಷೆ ಹೇಳಬೇಕು. 2022ರಲ್ಲಿ ನಮ್ಮ ಬೆಟ್ಟದಲ್ಲಿ ಸಿಕ್ಕಿದ ಹೊಸ ಬಗೆಯ ಕಣಜವೊಂದಕ್ಕೆ ವಿಜ್ಞಾನಿಗಳು ನಮ್ಮ ಜನದ ಹೆಸರನ್ನೇ ಇಟ್ಟರು: ಸೋಲಿಗ ಎಕಾರಿನೇಟ. ಕಾಡು ಕಾಯ್ದುಕೊಂಡು ಬಂದ ಜನಕ್ಕೆ ಮರ್ಯಾದೆ ಅಂತ. ತರಗತಿಯಲ್ಲಿ ಹೇಳಿದೆ. ಮಕ್ಕಳಿಗೆ ಬಹಳ ಖುಷಿ. ಒಬ್ಬ ಹುಡುಗ ಎದ್ದು, ‘ಮೇಡಂ, ಅದಕ್ಕೂ ಜಾತಿ ಸರ್ಟಿಫಿಕೇಟ್ ಕೊಡ್ತಾರಾ?’ ಅಂದ.

ಈ ಮಕ್ಕಳ ಹಾಜರಿ ಪುಸ್ತಕ ನೋಡಬೇಕು ನೀವು. ಮೊದಲು ಮಾದ, ಜಡೆಯ, ಕೇತ, ಬೊಮ್ಮ, ರಂಗ. ಹೆಣ್ಣಾದರೆ ಮಾದಮ್ಮ, ಜಡೆಮ್ಮ, ಕೇತಮ್ಮ. ಮಾದೇಶ್ವರ, ಜಡೇಸ್ವಾಮಿ, ಕ್ಯಾತೇದೇವರು, ನಮ್ಮ ಭಾವ, ಇವರ ಹೆಸರೇ ಸುತ್ತಿ ಸುತ್ತಿ ಬರುತ್ತಿತ್ತು. ಈಗ ಟೀವಿ ಧಾರಾವಾಹಿಯ ನಾಯಕಿಯರೆಲ್ಲ ನನ್ನ ತರಗತಿಯಲ್ಲಿ ಕೂತಿದ್ದಾರೆ. ಮೊದಮೊದಲು ನನಗೆ ಕಸಿವಿಸಿ ಆಗುತ್ತಿತ್ತು. ಈಗ ಇಲ್ಲ. ಪೇಟೆಯ ಹಾಸ್ಟೆಲಿನಲ್ಲಿ ‘ಕೇತಮ್ಮ’ ಎಂದು ಕೂಗಿ ನಗುವವರ ನಡುವೆ ಓದಿ ಬಂದವಳು ತನ್ನ ಮಗಳಿಗೆ ಬೇರೆ ಹೆಸರಿಟ್ಟರೆ ಅವಳನ್ನು ಬೈಯುವ ಅಧಿಕಾರ ನನಗೆಲ್ಲಿದೆ?

ಹಾಗೆಂದು ನಮ್ಮಲ್ಲಿರುವುದೆಲ್ಲ ಚಿನ್ನ ಎನ್ನುವವಳೂ ನಾನಲ್ಲ. ನಮ್ಮ ಮದುವೆಯ ಪದ್ಧತಿ ನೋಡಿ. ಹುಡುಗ ಹುಡುಗಿ ಮೆಚ್ಚಿಕೊಂಡರೆ ಕಾಡಿಗೆ ಓಡಿಹೋಗುತ್ತಾರೆ. ಕೆಲವು ದಿನ ಗೆಣಸು, ಜೇನು ತಿಂದುಕೊಂಡು ಇದ್ದು ಬರುತ್ತಾರೆ. ಪೋಡಿನ ಯಜಮಾನ ನ್ಯಾಯ ಕೂರಿಸಿ, ಸಣ್ಣ ತಪ್ಪುಕಾಣಿಕೆ ಹಾಕಿ ಒಪ್ಪಿಸಿಬಿಡುತ್ತಾನೆ. ವರದಕ್ಷಿಣೆ ಇಲ್ಲ, ಸಾಲ ಇಲ್ಲ, ಹೆಣ್ಣಿನ ಮನಸ್ಸಿಗೆ ಬೆಲೆ ಇದೆ. ಗಂಡ ಸತ್ತವಳು ಮತ್ತೆ ಮದುವೆಯಾದರೆ ಯಾರೂ ಬಾಯಿ ಬಿಡುವುದಿಲ್ಲ. ಲೇಖನ ಬರೆಯುವವರು ಇದನ್ನು ಬಹಳ ಹೊಗಳುತ್ತಾರೆ. ನನ್ನ ಅಪ್ಪ ಅವ್ವನೂ ಹೀಗೇ ಕಾಡು ಸೇರಿ ಬಂದವರು. ಆದರೆ ಟೀಚರಾಗಿ ನಾನು ನೋಡುವುದು, ಒಂಬತ್ತನೇ ಕ್ಲಾಸಿನ ಬೆಂಚು ಖಾಲಿಯಾಗುವುದನ್ನು. ಹದಿನಾರು ತುಂಬದ ಹುಡುಗಿ ‘ನಮ್ಮ ಪದ್ಧತಿ ಮೇಡಂ’ ಎಂದು ಹೊರಟುಬಿಟ್ಟರೆ, ಮುಂದಿನ ವರ್ಷ ಮಗು ಎತ್ತಿಕೊಂಡು ಅಂಗನವಾಡಿಯ ಬಾಗಿಲಲ್ಲಿ ಸಿಗುತ್ತಾಳೆ, ರಕ್ತವಿಲ್ಲದೆ ಬಿಳಿಚಿಕೊಂಡು. ಈ ವಿಷಯದಲ್ಲಿ ನಾನು ಕಾನೂನಿನ ಕಡೆಯವಳು. ಹದಿನೆಂಟು ತುಂಬಲಿ, ಓದು ಮುಗಿಯಲಿ, ಆಮೇಲೆ ಯಾವ ಕಾಡಿಗಾದರೂ ಓಡಿಹೋಗಿ, ನ್ಯಾಯಕ್ಕೆ ನಾನೇ ಬಂದು ಕೂರುತ್ತೇನೆ ಎಂದು ಹೇಳುತ್ತೇನೆ. ಯಜಮಾನರಲ್ಲಿ ಕೆಲವರು ಒಪ್ಪಿದ್ದಾರೆ. ಕೆಲವರು ನನ್ನನ್ನು ಕಂಡರೆ ದಾರಿ ಬದಲಿಸುತ್ತಾರೆ.

ಇನ್ನು ಹಬ್ಬ. ಹೊಸ ರಾಗಿ ಮನೆಗೆ ಬಂದ ಮೇಲೆ ರೊಟ್ಟಿ ಹಬ್ಬ. ಪೋಡು ಪೋಡಿನಿಂದ ರಾಗಿ ತಂದು ಒಂದೆಡೆ ಸೇರಿಸಿ ರೊಟ್ಟಿ ಸುಟ್ಟು, ಕುಂಬಳಕಾಯಿ ಪಲ್ಯ ಮಾಡಿ, ಎಲೆಯ ಮೇಲೆ ಇಟ್ಟು ದೇವರಿಗೆ ತೋರಿಸಿ, ಬಂದವರಿಗೆಲ್ಲ ಹಂಚುವುದು. ರಾತ್ರಿಯೆಲ್ಲ ಹಾಡು, ಕುಣಿತ. ಮುದುಕರು ಎತ್ತಿಕೊಂಡ ಹಾಡಿಗೆ ಸುತ್ತ ಕೈ ಹಿಡಿದು ಸೊಲ್ಲು ಕೊಡುತ್ತಾ ಹೋದರೆ ಬೆಳಗಿನ ಜಾವ ಗಂಟಲು ಕಟ್ಟಿರುತ್ತದೆ, ಕಾಲು ಮಾತ್ರ ನಿಲ್ಲುವುದಿಲ್ಲ. ಹುಡುಗರು ಇದನ್ನು ಮೊಬೈಲಿನಲ್ಲಿ ಹಿಡಿದಿಡುತ್ತಾರೆ. ಹಿಡಿಯಲಿ. ನನಗೆ ಹಿಡಿಸದ್ದು ಇನ್ನೊಂದು. ಇದೇ ಕುಣಿತವನ್ನು ಪ್ರವಾಸಕ್ಕೆ ಬಂದ ಅತಿಥಿಗಳು ಊಟಕ್ಕೆ ಕೂತಾಗ ಇಪ್ಪತ್ತು ನಿಮಿಷಕ್ಕೆ ಕತ್ತರಿಸಿ, ಸೊಪ್ಪು ಸುತ್ತಿಸಿ, ಮುಖಕ್ಕೆ ಬಣ್ಣ ಬಳಿಸಿ ತೋರಿಸುತ್ತಾರೆ. ನಮ್ಮವರು ಯಾವತ್ತೂ ಮುಖಕ್ಕೆ ಬಣ್ಣ ಬಳಿದುಕೊಂಡವರಲ್ಲ. ಕುಣಿದ ಹುಡುಗರಿಗೆ ಕೂಲಿ ಸಿಗುತ್ತದೆ, ಅದನ್ನು ಬೇಡ ಎನ್ನಲಾರೆ. ಬಣ್ಣಕ್ಕೆ ಮಾತ್ರ ನನ್ನ ತಕರಾರು.

ಕೊನೆಯದಾಗಿ, ಈ ಸಲದ ಸುದ್ದಿ. ನಮ್ಮ ಎಲ್ಲೆಯ ದೇವರಿಗೆ ಹೋಗುವ ದಾರಿಯನ್ನು ಗ್ರಾಮಸಭೆಯಲ್ಲಿ ಮಾತಾಡಿ, ಲಿಖಿತವಾಗಿ ತಿಳಿಸಿ, ಕುಲದವರೆಲ್ಲ ಸೇರಿ ಸವರುವುದು ಅಂತ ತೀರ್ಮಾನವಾಗಿದೆ. ಮಚ್ಚು, ಕುಡುಗೋಲು ಇದ್ದವರು ತರಬೇಕು, ಇಲ್ಲದವರು ಬುತ್ತಿ ತರಬೇಕು. ನನ್ನ ಪಾಲಿಗೆ ಹತ್ತು ಜನರ ಮುದ್ದೆ, ಅಣ್ಣೆ ಸೊಪ್ಪಿನ ಸಾರು ಬಂದಿದೆ. ಶಾಲೆಯ ದೊಡ್ಡ ಮಕ್ಕಳನ್ನು ಕರೆದುಕೊಂಡು ಹೋಗಬಹುದೇ ಎಂದು ಪೋಷಕರನ್ನು ಕೇಳಿದ್ದೇನೆ. ಆನೆ ಓಡಾಟ ಜಾಸ್ತಿ ಇದೆ, ಬೆಳಗ್ಗೆ ಒಂಬತ್ತರ ಮೇಲೆ ಹೊರಟು ಮೂರರ ಒಳಗೆ ವಾಪಸ್ಸಾಗುವುದಾದರೆ ಸರಿ ಎಂದಿದ್ದಾರೆ. ಅಬ್ಬಿಯವರೆಗೂ ಸವರಲು ಒಂದು ದಿನ ಸಾಲದು ಎನ್ನುತ್ತಾರೆ ತಿಳಿದವರು. ಎರಡನೇ ದಿನದ ಬುತ್ತಿ ಯಾರದು ಎನ್ನುವುದು ಇನ್ನೂ ಇತ್ಯರ್ಥವಾಗಿಲ್ಲ.